ಅಳಿಸುವ ಮುನ್ನ

ಬಳಸಿ ಬಳಸಿ ಜಡವಾದ ಗಣಕಯಂತ್ರಕ್ಕೆ ಚೈತನ್ಯವನ್ನು ಮರಳಿಸಬೇಕಾದಾಗ ಅದರ ಆಪರೇಟಿಂಗ್ ಸಿಸ್ಟಮನ್ನು ಅಳಿಸಿ ಹೊಸದಾಗಿ ಸ್ಥಾಪಿಸುವುದು ಈಚಿನ ವಾಡಿಕೆ. ಅಂಗಡಿಯ ಮಾತಿನಲ್ಲಿ ಇದು ‘ಫಾರ್ಮ್ಯಾಟ್ ಮಾಡಿಸುವುದು’. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ನಿಲ್ಲಿಸಿದ ಮೇಲಂತೂ ಈ ಕಾರ್ಯಕ್ಕೆ ಇನ್ನೊಂದು ಕಾರಣ ಒದಗಿದೆ. ಗಾಂಧಿಪುರದ ಅಂಗಡಿಯಲ್ಲಾಗಲಿ ತಿರುಪ್ಪೂರಿನ ಓಣಿಯಲ್ಲಾಗಲಿ ಯಂತ್ರವನ್ನು ಮೇಜಿನ ಮೇಲಿಟ್ಟೊಡನೆ ದುರಸ್ತಿಯ ಹುಡುಗನು ತಮಿಳಿನಲ್ಲಿ ಕೇಳುತ್ತಾನೆ: ‘ಮುಕ್ಕಿಯಮಾನದು ಏದಾವದು ಇರುಕ್ಕಾ?’ ಮುಖ್ಯವಾದದ್ದು ಏನಾದರೂ ಇದೆಯೇ ಎಂದು. ಯಜಮಾನರು ಕ್ಷಣಕಾಲ ಸೂರನ್ನು ನೋಡಿ, ‘ಏನೂ ಇಲ್ಲ, ಹಾಕಪ್ಪ’ ಎಂದುಬಿಡುವುದುಂಟು. ಹುಡುಗನ ತಪ್ಪೇನೂ ಇಲ್ಲ; ಅವನು ಕೇಳಬೇಕಾದುದನ್ನು ಕೇಳಿದ್ದಾನೆ. ಆದರೆ ಆ ಪ್ರಶ್ನೆ ಅವನು ತಿಳಿದಿರುವುದಕ್ಕಿಂತ ದೊಡ್ಡದು. ಮುಖ್ಯವೆಂಬುದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಹಾಗೆ ಅಳೆದು ಹೇಳುವ ಅಧಿಕಾರ ಯಾರದು? ಇವೆರಡನ್ನು ಕುರಿತು ನಾವು ಸ್ವಲ್ಪ ವಿಚಾರ ಮಾಡುವುದು ಅನುಚಿತವಾಗಲಾರದು.

ಮೊದಲು ಕಾರ್ಯದ ಸ್ವರೂಪವನ್ನು ತಿಳಿಯೋಣ. ಯಂತ್ರದೊಳಗಿನ ಸಂಗ್ರಹವನ್ನು ಸಾಮಾನ್ಯವಾಗಿ ಸಿ, ಡಿ ಎಂದು ಭಾಗ ಮಾಡಿರುತ್ತಾರೆ. ವ್ಯವಸ್ಥೆಯು ನೆಲೆಸಿರುವುದು ಸಿ ಭಾಗದಲ್ಲಿ. ಮರುಸ್ಥಾಪನೆಯ ಕಾಲದಲ್ಲಿ ಬರಿದಾಗುವುದೂ ಅದೇ. ‘ನಾವು ಸಿ ಭಾಗದಲ್ಲಿ ಏನನ್ನೂ ಇಟ್ಟಿಲ್ಲ’ ಎಂದು ಹೇಳುವವರು ಬಹಳ. ಆದರೆ ಪರದೆಯ ಮೇಲೆ ಸದಾ ಕಾಣುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಂಬ ಚೀಲಗಳು, ಬೇರೆಡೆಗೆ ಬದಲಿಸದಿದ್ದರೆ, ಸಿ ಭಾಗದೊಳಗೆ ಬಳಕೆದಾರನ ಹೆಸರಿನ ಕೆಳಗೆ ಇರುತ್ತವೆ. ಅಕ್ಷರರೂಪಗಳನ್ನು ಹೊತ್ತ ಫಾಂಟುಗಳೂ ಅಲ್ಲೇ. ನಮ್ಮ ವಸ್ತು ನಾವು ಎಣಿಸದ ಹೆಸರಿನ ಕೆಳಗೆ ಅಡಗಿರುವುದು ಯಂತ್ರಲೋಕಕ್ಕೇ ಮೀಸಲಾದ ವಿಚಿತ್ರವಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ನಮ್ಮ ಕೊಯಮತ್ತೂರು ಜಿಲ್ಲೆಯದಾಗಿತ್ತು. ಆ ಸೀಮೆಯ ಹಳೆಯ ವೃತ್ತಾಂತವನ್ನು ಅರಸುವವನು ಇಂದಿಗೂ 1887ರಲ್ಲಿ ನಿಕಲ್ಸನ್ ಸಂಪಾದಿಸಿದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ತೆರೆಯಬೇಕಾಗುತ್ತದೆ. ಆದಕಾರಣ ‘ಏನೂ ಇಲ್ಲ’ ಎನ್ನುವ ಮೊದಲು ಎಲ್ಲಿ ಹುಡುಕಬೇಕೆಂಬುದನ್ನಾದರೂ ಅರಿತಿರಬೇಕು.

ಇನ್ನು ಅಳತೆಗೋಲಿನ ಮಾತು. ನಮ್ಮ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳನ್ನು ನೋಡಿದವರಿಗೆ ಜಕಾರ್ಡ್ ಯಂತ್ರದ ಪರಿಚಯ ಇದ್ದೇ ಇರುತ್ತದೆ. ಮಗ್ಗದ ಮೇಲ್ಗಡೆ ಕುಳಿತು, ತೂತು ಕೊರೆದ ರಟ್ಟುಗಳ ಮಾಲೆಯನ್ನು ಒಂದೊಂದಾಗಿ ಓದಿ, ಯಾವ ಎಳೆ ಮೇಲೇಳಬೇಕು ಯಾವುದು ಕೆಳಗುಳಿಯಬೇಕು ಎಂದು ನಿಯಮಿಸುವ ಸಾಧನವದು. ಫ್ರಾನ್ಸಿನ ಜಕಾರ್ಡ್ ಎಂಬವನು 1804ರ ಸುಮಾರಿಗೆ ಇದನ್ನು ರೂಪಿಸಿದನು; ಈ ರಟ್ಟುಗಳನ್ನೇ ಕಂಡು ಇಂಗ್ಲೆಂಡಿನ ಬ್ಯಾಬೇಜನು ತನ್ನ ಲೆಕ್ಕದ ಯಂತ್ರಕ್ಕೂ ಅಂಥ ರಟ್ಟುಗಳಿಂದಲೇ ಆಜ್ಞೆ ಕೊಡಬೇಕೆಂದು ಯೋಚಿಸಿದನು. ಹೀಗೆ ಮಗ್ಗವು ಗಣಕಯಂತ್ರದ ಅಜ್ಜನಾಗುತ್ತದೆ. ನೇಕಾರರ ಮಕ್ಕಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಈಗ ಒಂದು ಮಗ್ಗ ಮುರಿಯಿತೆನ್ನಿ. ಬಡಗಿಯಿಂದ ಇನ್ನೊಂದನ್ನು ಮಾಡಿಸಬಹುದು. ಅದೇ ಅಳತೆಯ ಮರ, ಅದೇ ಕಟ್ಟು. ಹುರಿ ಹರಿದರೆ ಪೇಟೆಯಲ್ಲಿ ದೊರೆಯುತ್ತದೆ. ಆದರೆ ಒಬ್ಬ ಹಿರಿಯ ನೇಕಾರ ಗೆರೆಹಾಳೆಯ ಮೇಲೆ ಚೌಕ ಚೌಕವಾಗಿ ಎಣಿಸಿ ಬರೆದು, ರಟ್ಟು ಕೊರೆಸಿ, ತನ್ನದೆಂದು ಮಾಡಿಕೊಂಡ ಹೂವಿನ ಬಳ್ಳಿಯೊಂದರ ಮಾಲೆ ಗೆದ್ದಲಿಗೆ ಆಹುತಿಯಾದರೆ ಅದನ್ನು ಯಾವ ಪೇಟೆಯಿಂದ ತರೋಣ?

ಆಪರೇಟಿಂಗ್ ಸಿಸ್ಟಮ್ ಮಗ್ಗದಂತೆ. ಲೋಕದಲ್ಲಿ ಅದರ ಪ್ರತಿಗಳು ಕೋಟಿಗಟ್ಟಲೆ ಇವೆ. ನಮ್ಮದು ಹೋದರೆ ಯಾರಿಗೂ ನಷ್ಟವಿಲ್ಲ. ಕಡತಗಳು ರಟ್ಟಿನ ಮಾಲೆಯಂತೆ. ಆದರೆ ಕಡತಗಳಲ್ಲಿಯೂ ಎಲ್ಲವೂ ಒಂದೇ ಬಗೆಯವಲ್ಲ. ಅವಸರದಲ್ಲಿ ನಾವು ಮೊದಲು ನಕಲು ಮಾಡಿಕೊಳ್ಳುವುದು ಯಾವುದನ್ನು? ಅಂಕಪಟ್ಟಿ, ಜಮೀನಿನ ಪತ್ರ, ಬ್ಯಾಂಕಿನ ಲೆಕ್ಕ. ಇವು ಬೆಲೆಯುಳ್ಳವೇ; ಸಂದೇಹವಿಲ್ಲ. ಆದರೆ ವಿಚಾರ ಮಾಡಿ ನೋಡಿದರೆ, ಅಂಕಪಟ್ಟಿಯ ಮೂಲವು ಪೆಟ್ಟಿಗೆಯಲ್ಲಿದೆ, ಅದೂ ಹೋದರೆ ಪರೀಕ್ಷಾ ಇಲಾಖೆಯಲ್ಲಿ ದಾಖಲೆಯುಂಟು. ಜಮೀನಿನದು ನೋಂದಣಿ ಕಚೇರಿಯಲ್ಲಿ ಉಂಟು. ಅಲೆದಾಟವಾದೀತು, ಖರ್ಚಾದೀತು, ಆದರೆ ಮರಳಿ ದೊರೆಯುತ್ತದೆ. ಅದೇ ಯಂತ್ರದ ಮೂಲೆಯಲ್ಲಿ, ಮೊಮ್ಮಗಳು ಯಾವುದೋ ಹಬ್ಬದ ದಿನ ಮೊಬೈಲಿನಿಂದ ತುಂಬಿಸಿದ, ಅಜ್ಜಿ ನಮ್ಮ ಸೀಮೆಯ ಕನ್ನಡದಲ್ಲಿ ಹೇಳಿದ ಒಂದು ಕಥೆ ಇರುತ್ತದೆ. ಮೂರು ನಿಮಿಷದ ಧ್ವನಿ. ನಡುವೆ ಕುಕ್ಕರಿನ ಕೂಗು. ಅದಕ್ಕೆ ಯಾವ ಕಚೇರಿಯೂ ನಕಲು ಕೊಡದು. ಮುಖ್ಯವಾದದ್ದು ಏನಿದೆ ಎಂದು ಕೇಳಿದಾಗ ಯಾರ ಬಾಯಿಯಲ್ಲಿಯೂ ಬಾರದಿರುವುದು ಇದೇ. ಬೆಲೆಯನ್ನು ನೋಡಿ ಆರಿಸುವುದು ಲೋಕವ್ಯವಹಾರ. ಬೇರೆಲ್ಲಿಯಾದರೂ ಇದೆಯೇ ಇಲ್ಲವೇ ಎಂದು ನೋಡಿ ಆರಿಸುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಈ ಮಾತಿಗೆ ಕನ್ನಡ ಸಾಹಿತ್ಯದ ಚರಿತ್ರೆಯೇ ಸಾಕ್ಷಿ ನುಡಿಯುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನಗೆ ಹಿಂದಿನ ಕನ್ನಡ ಬರಹಗಾರರ ಹೆಸರುಗಳನ್ನು ಹೇಳುತ್ತದೆ: ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಹೆಸರುಗಳಿವೆ, ಕೃತಿಗಳಿಲ್ಲ. ಮೊದಲನೆಯ ಗುಣವರ್ಮನ ಶೂದ್ರಕವನ್ನು ನಾವು ಬಲ್ಲುದು ಇತರರು ಎತ್ತಿ ಹೇಳಿದ ಬಿಡಿ ಪದ್ಯಗಳಿಂದ ಮಾತ್ರ. ಇವುಗಳನ್ನು ಯಾವ ಶತ್ರುವೂ ಸುಟ್ಟನೆಂದು ಹೇಳಬೇಕಾಗಿಲ್ಲ. ಓಲೆಗರಿಯ ಆಯುಸ್ಸು ಮಿತವಾದುದು. ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ. ಅದಕ್ಕೆ ಮೊದಲು ಯಾರಾದರೊಬ್ಬರು ಹೊಸ ಗರಿಯ ಮೇಲೆ ಪ್ರತಿ ಎತ್ತಬೇಕು. ಎತ್ತಿದ್ದು ಉಳಿಯಿತು, ಎತ್ತದಿದ್ದುದು ಹೋಯಿತು. ‘ಇದು ಸದ್ಯಕ್ಕೆ ಬೇಡ’ ಎಂದು ಬದಿಗಿಟ್ಟ ಲಿಪಿಕಾರನು ತಾನೊಂದು ಕಾವ್ಯವನ್ನು ಕೊನೆಗಾಣಿಸುತ್ತಿದ್ದೇನೆಂದು ಎಣಿಸಿದ್ದನೇ? ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಶಾಂತಿಪುರಾಣ ನಮಗೆ ದೊರೆತಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ದೊರೆತಿಲ್ಲ. ದಾನಚಿಂತಾಮಣಿಯೆಂಬ ಬಿರುದು ಆಕೆಗೆ ಸುಮ್ಮನೆ ಬಂದುದಲ್ಲ. ಸಾವಿರ ಪ್ರತಿಗಳು ಒಂದೇ ಮನೆಯ ಅಟ್ಟದಲ್ಲಿ ಇರಲಿಲ್ಲ ಎಂಬುದನ್ನೂ ಗಮನಿಸತಕ್ಕದ್ದು. ಸಿ ಭಾಗದಿಂದ ಡಿ ಭಾಗಕ್ಕೆ ಕಡತಗಳನ್ನು ಸರಿಸಿ ನಿಶ್ಚಿಂತರಾಗುವವರು ಮರುಸ್ಥಾಪನೆಯಿಂದ ಪಾರಾಗಬಹುದು. ಆದರೆ ಎರಡೂ ಒಂದೇ ತಟ್ಟೆಯ ಎರಡು ಭಾಗಗಳಾಗಿದ್ದರೆ, ತಟ್ಟೆ ಕೆಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಇನ್ನೊಂದು ಡಿಸ್ಕು, ಅದೂ ಸಾಧ್ಯವಾದರೆ ಇನ್ನೊಂದು ಮನೆಯಲ್ಲಿ.

ಅಧಿಕಾರದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ನಮ್ಮ ಮನೆಗಳಲ್ಲಿ ಗಣಕಯಂತ್ರವು ಒಬ್ಬರದಲ್ಲ. ತಂದೆಯ ಲೆಕ್ಕ, ತಾಯಿಯ ಸ್ತ್ರೀಸಂಘದ ಪಟ್ಟಿ, ಮಗನ ಪ್ರಾಜೆಕ್ಟು, ಮಗಳು ಯಾರಿಗೂ ತೋರಿಸದೆ ಬರೆದ ನಾಲ್ಕು ಕವಿತೆ, ಎಲ್ಲವೂ ಒಂದೇ ಹೆಸರಿನ ಕೆಳಗೆ ಒತ್ತಾಗಿ ಕುಳಿತಿರುತ್ತವೆ. ಅಂಗಡಿಗೆ ಹೊತ್ತೊಯ್ಯುವವರು ಮಾತ್ರ ಒಬ್ಬರೇ. ಅವರು ‘ಏನೂ ಇಲ್ಲ’ ಎಂದಾಗ ಅದರ ನಿಜವಾದ ಅರ್ಥ ‘ನನ್ನದು ಏನೂ ಇಲ್ಲ’ ಎಂದಷ್ಟೆ. ಶಾಲೆಯ ಯಂತ್ರದಲ್ಲಂತೂ ಇದು ಇನ್ನೂ ಸ್ಪಷ್ಟ. ಎಂಟನೆಯ ತರಗತಿಯ ಹುಡುಗನು ಒಂದೊಂದು ಕೀಲಿಯನ್ನು ಹುಡುಕಿ ಒತ್ತಿ ಒಂದು ಪುಟ ಕನ್ನಡ ಪ್ರಬಂಧವನ್ನು ಮೂರು ದಿನದಲ್ಲಿ ಮುಗಿಸಿರುತ್ತಾನೆ. ಉಪಾಧ್ಯಾಯರ ಕಣ್ಣಿಗೆ ಅದು ತಪ್ಪುಗಳಿಂದ ತುಂಬಿದ ಪುಟ. ರಜೆಯಲ್ಲಿ ಯಂತ್ರವನ್ನು ಶುದ್ಧಿಗೊಳಿಸುವಾಗ ಅದು ಹೋಗುತ್ತದೆ. ಜೂನಿನಲ್ಲಿ ಬಂದ ಹುಡುಗ ಹುಡುಕುತ್ತಾನೆ, ಕೇಳಲು ಸಂಕೋಚ, ಸುಮ್ಮನಾಗುತ್ತಾನೆ. ಇಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ಆದರೂ ಒಬ್ಬನ ವಸ್ತುವನ್ನು ಅವನನ್ನು ಕೇಳದೆ ಇನ್ನೊಬ್ಬನು ನಾಶಮಾಡಿದುದು ದಿಟ. ಆ ಮಗು ತನ್ನ ಬರಹಕ್ಕೆ ಬೆಲೆಯಿಲ್ಲವೆಂಬ ಪಾಠವನ್ನು ಕಲಿತುದೂ ದಿಟ. ನೋಟುಪುಸ್ತಕವನ್ನಾದರೆ ನಾವು ಹಾಗೆ ಒಲೆಗೆ ಹಾಕುತ್ತಿರಲಿಲ್ಲ. ಕಣ್ಣಿಗೆ ಕಾಣದ ವಸ್ತುವೆಂಬ ಕಾರಣದಿಂದ ಧರ್ಮವು ಸಡಿಲವಾಗುವುದೇ?

ಒಂದು ಆಕ್ಷೇಪಣೆ ಬರುತ್ತದೆ, ಅದು ಬಲವಾದುದೇ. ಹೀಗಾದರೆ ಎಲ್ಲವನ್ನೂ ಕಾಯುತ್ತ ಕುಳಿತಿರಬೇಕೇ? ಮರೆಯುವುದೂ ಮನುಷ್ಯನಿಗೆ ಬೇಕಾದ ಒಂದು ಶಕ್ತಿಯಲ್ಲವೇ? ಅಪರಿಗ್ರಹವನ್ನು ಹಿರಿಯರು ವ್ರತವೆಂದು ಎಣಿಸಿದರು. ನಾವಾದರೋ ಒಂದೇ ಮದುವೆಯ 2000 ಛಾಯಾಚಿತ್ರಗಳನ್ನು ಮೂರು ಕಡೆ ತುಂಬಿಟ್ಟು ಒಂದನ್ನೂ ನೋಡುವುದಿಲ್ಲ. ಈ ಮಾತನ್ನು ನಾವು ಒಪ್ಪುತ್ತೇವೆ, ಆದರೆ ಒಂದು ಎಲ್ಲೆಯನ್ನು ಹಾಕಿ. ತನ್ನದನ್ನು ತ್ಯಜಿಸುವುದು ಅಪರಿಗ್ರಹ. ಪರರದನ್ನು ತ್ಯಜಿಸುವುದಕ್ಕೆ ಆ ಹೆಸರು ಸಲ್ಲದು. ತಾನು ಬರೆದ ಹಳೆಯ ಪತ್ರ ತನಗೆ ಬೇಡವಾದರೆ ಅಳಿಸಲಿ; ಯಾರು ತಡೆದಾರು? ಇತರರದು ಎಂದು ತಿಳಿದೊಡನೆ ಒಂದು ಮಾತು ಕೇಳಬೇಕು, ಕೇಳಲಾಗದಿದ್ದರೆ ಉಳಿಸಬೇಕು. ತೀರಿಹೋದವರ ಕಡತಗಳ ವಿಷಯದಲ್ಲಿ ಮಾತ್ರ ನಮಗೂ ಮನಸ್ಸು ಇಬ್ಬಗೆಯಾಗುತ್ತದೆ. ಅವರನ್ನು ಕೇಳುವಂತಿಲ್ಲ, ಅವರು ಮುಚ್ಚಿಟ್ಟುದನ್ನು ತೆರೆಯುವುದೂ ಸಭ್ಯತೆಯಲ್ಲ. ಓದದೆ ಹಾಗೆಯೇ ಒಂದು ಡಿಸ್ಕಿಗೆ ನಕಲಿಸಿ, ಮನೆಯ ಹಿರಿಯರ ಕೈಗೆ ಕೊಟ್ಟು, ಕಾಲಕ್ಕೆ ಬಿಡುವುದು ಸದ್ಯಕ್ಕೆ ತೋರುವ ದಾರಿ.

ಇನ್ನು ಉಳಿಸುವುದೆಂದರೇನು ಎಂಬುದು. ನಕಲು ಮುಗಿಯಿತೆಂದು ಪರದೆ ಹೇಳಿದೊಡನೆ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ಟಾಯ್ ಸ್ಟೋರಿ 2 ಎಂಬ ಚಿತ್ರದ ಬಹುಭಾಗ ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋಯಿತು. ಪ್ರತಿಗಳಿದ್ದುವಲ್ಲ ಎಂದು ತೆರೆದು ನೋಡಿದರೆ ಅವು ಸರಿಯಾಗಿ ದಾಖಲಾಗಿರಲೇ ಇಲ್ಲ. ಮನೆಯಿಂದ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್ಮನ್ ಎಂಬ ಮಹಿಳೆಯ ಯಂತ್ರದಲ್ಲಿದ್ದ ಪ್ರತಿಯಿಂದ ಚಿತ್ರ ಬದುಕಿಕೊಂಡಿತು. ಆದುದರಿಂದ ಅಳಿಸುವ ಮೊದಲು ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು.

ಬೇರೊಂದು ಯಂತ್ರದಲ್ಲಿ ತೆರೆದಾಗ ಕನ್ನಡಿಗನಿಗೆ ಒಂದು ವಿಶೇಷ ಕಷ್ಟ ಎದುರಾಗುತ್ತದೆ. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಇವುಗಳಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಫಾಂಟು ಇರುವತನಕ ಕನ್ನಡ. ಮರುಸ್ಥಾಪನೆಯಲ್ಲಿ ಫಾಂಟು ಅಳಿಸಿಹೋದರೆ, ನುಡಿಯಲ್ಲಿ ಬರೆದ ಪುಟದ ‘ಕ’ ಇರಬೇಕಾದ ಎಡೆಯಲ್ಲಿ ಇಂಗ್ಲಿಷಿನ ಪಿ, ‘ನ’ ಇರಬೇಕಾದ ಎಡೆಯಲ್ಲಿ ಪೌಂಡಿನ ಗುರುತು. ಕಡತ ಒಂದಕ್ಷರವೂ ನಷ್ಟವಾಗದೆ ಉಳಿದಿದೆ, ಓದುವಂತಿಲ್ಲ! 120 ಕೊಕ್ಕೆಯ ಜಕಾರ್ಡಿಗೆ ಕೊರೆದ ರಟ್ಟನ್ನು 240 ಕೊಕ್ಕೆಯದಕ್ಕೆ ಹಾಕಿದಂತೆ. 1991ರಿಂದ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸ್ಥಾನವಿದೆ. ಹಳೆಯ ಬರಹವನ್ನು ಅದಕ್ಕೆ ಪರಿವರ್ತಿಸುವ ಸಾಧನಗಳೂ ಇವೆ. ಪರಿವರ್ತಿಸಿ ಇಡುವುದು ಉತ್ತಮ, ಫಾಂಟನ್ನೂ ಜೊತೆಗಿಡುವುದು ಇನ್ನೂ ಉತ್ತಮ.

ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳ ಕಾಲ ಹೆಸರಾಗಿ ಮಾತ್ರ ಉಳಿದಿತ್ತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ ಗ್ರಂಥಲಿಪಿಯ ಓಲೆಗಳಲ್ಲಿ 1905ರಲ್ಲಿ ಅದನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, ಅಚ್ಚಾದುದು 1909ರಲ್ಲಿ. ತಮಿಳುನಾಡಿನಲ್ಲಿ ಯಾರೋ ಪ್ರತಿ ಎತ್ತಿ ಕಾಪಾಡಿದುದು ಅರ್ಧ ಕಾರ್ಯ. ಆ ಲಿಪಿಯನ್ನು ಓದಬಲ್ಲ ಒಬ್ಬರು ಪೀಠದ ಮುಂದೆ ಕುಳಿತಿದ್ದುದು ಇನ್ನರ್ಧ.

ಕೊಯಮತ್ತೂರಿನ ಸುತ್ತ ದೇವಾಂಗರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ತಲೆತಲಾಂತರದಿಂದ ಕನ್ನಡವೇ ಮನೆಮಾತು. ಆದರೆ ಓದುಬರಹ ತಮಿಳಿನಲ್ಲಿ. ಮಕ್ಕಳು ಅವ್ವನೊಡನೆ ಕನ್ನಡದಲ್ಲಿ ಜಗಳವಾಡಿ, ಅದೇ ಕನ್ನಡವನ್ನು ತಮಿಳಕ್ಷರದಲ್ಲಿ ಮೊಬೈಲಿಗೆ ಬರೆಯುತ್ತಾರೆ. ಅದು ಅವರ ಬುದ್ಧಿಯ ಚುರುಕು; ನಾವು ನಗಬೇಕಾಗಿಲ್ಲ. ಆದರೆ ಕನ್ನಡ ಶಾಲೆಯಲ್ಲಿ ಓದಿ ಬಂದ ಅಜ್ಜನೊಬ್ಬನು ಹತ್ತು ವರ್ಷದ ಹಿಂದೆ ನುಡಿಯಲ್ಲಿ ಕುಲದ ವೃತ್ತಾಂತವನ್ನು ಬೆರಳಚ್ಚು ಮಾಡಿಟ್ಟಿದ್ದರೆ, ಅದು ಆ ಮನೆಯಲ್ಲಿ ಎರಡು ಬೀಗಗಳ ಹಿಂದೆ ಇರುತ್ತದೆ. ಮೊದಲನೆಯ ಬೀಗ ಫಾಂಟು. ಅದನ್ನು ದುರಸ್ತಿಯ ಹುಡುಗನೇ ಕಾಲುಗಂಟೆಯಲ್ಲಿ ತೆರೆದಾನು. ಎರಡನೆಯದಕ್ಕೆ ಅಕ್ಷರಮಾಲೆಯಿಂದ ಮೊದಲುಮಾಡಬೇಕು; ಒಂದು ಸ್ಲೇಟು, ವಾರಕ್ಕೆ ಎರಡು ಸಂಜೆ, ಸುಮಾರು ಮೂರು ತಿಂಗಳು. ನಮ್ಮ ಉಪಾಧ್ಯಾಯರಲ್ಲಿ ಯಾರಿಗೆ ಯಾವ ಸಂಜೆ ಬಿಡುವಿದೆ ಎಂಬುದನ್ನು ಸಂಘದ ಮುಂದಿನ ಸಭೆಯಲ್ಲಿ ಕೇಳಬೇಕೆಂದಿದ್ದೇವೆ.