ಕಂಡವನು ಬರೆದ ಚಿತ್ರ ಯಾರಿಗೂ ಬೇಡ

ಯುದ್ಧದ ಚಿತ್ರ ಎಂದೊಡನೆ ನಮಗೆ ನೆನಪಾಗುವುದು ಪಿಕಾಸೊನ ‘ಗೆರ್ನಿಕಾ’. ದೊಡ್ಡ ಕೃತಿ, ಅನುಮಾನವಿಲ್ಲ. ಆದರೆ 1937ರಲ್ಲಿ ಸ್ಪೇನಿನ ಗೆರ್ನಿಕಾ ಊರಿನ ಮೇಲೆ ಬಾಂಬು ಬಿದ್ದಾಗ ಪಿಕಾಸೊ ಇದ್ದದ್ದು ಪ್ಯಾರಿಸ್ಸಿನಲ್ಲಿ. ಅವನು ಸುದ್ದಿ ತಿಳಿದದ್ದು ಪತ್ರಿಕೆಗಳಿಂದ. ಯುದ್ಧದ ನಡುವೆಯೇ ಬದುಕಿ ಚಿತ್ರ ಬರೆದವನು ಅದೇ ಸ್ಪೇನಿನ ಇನ್ನೊಬ್ಬ, ಫ್ರಾನ್ಸಿಸ್ಕೊ ಗೋಯಾ.

1808ರಲ್ಲಿ ನೆಪೋಲಿಯನ್ನನ ಸೇನೆ ಸ್ಪೇನನ್ನು ಆಕ್ರಮಿಸಿದಾಗ ಗೋಯಾಗೆ 62 ವರ್ಷ. ಅರಮನೆಯ ಚಿತ್ರಕಾರ. ಹದಿನೈದು ವರ್ಷ ಹಿಂದಿನ ಕಾಯಿಲೆಯೊಂದರಲ್ಲಿ ಕಿವಿ ಪೂರ್ತಿ ಹೋಗಿತ್ತು. ಫಿರಂಗಿಯ ಸದ್ದೂ ಕೇಳದವನಿಗೆ ಉಳಿದದ್ದು ಕಣ್ಣು ಮಾತ್ರ. ಮುತ್ತಿಗೆಗೆ ಸಿಕ್ಕಿ ನಜ್ಜುಗುಜ್ಜಾಗಿದ್ದ ಸರಗೋಸಾಕ್ಕೆ ಸೇನಾಪತಿ ಪಾಲಾಫಾಕ್ಸ್ ಅವನನ್ನು ಕರೆಸಿಕೊಂಡ, ಊರಿನವರ ಶೌರ್ಯವನ್ನು ಚಿತ್ರಿಸಲೆಂದು. ಗೋಯಾ ಹೋಗಿ ನೋಡಿಬಂದ. 1810ರಿಂದ ತಾಮ್ರದ ಫಲಕಗಳ ಮೇಲೆ ಕೊರೆಯತೊಡಗಿದ. ಯುದ್ಧಕಾಲದಲ್ಲಿ ಒಳ್ಳೆಯ ತಾಮ್ರಕ್ಕೂ ಬರ. ತಾನೇ ಹಿಂದೆ ಮಾಡಿದ್ದ ನಿಸರ್ಗದೃಶ್ಯದ ಫಲಕಗಳನ್ನು ತುಂಡರಿಸಿ ಅವುಗಳ ಬೆನ್ನಿನ ಮೇಲೆ ಹೆಣಗಳನ್ನು ಬರೆದ.

‘ಯುದ್ಧದ ಅನಾಹುತಗಳು’ ಎಂಬ ಆ ಮಾಲಿಕೆಯಲ್ಲಿ ಶೌರ್ಯ ಇಲ್ಲವೆಂದಲ್ಲ. ಫಿರಂಗಿಗೆ ಕಿಡಿ ಹಚ್ಚುವ ಒಬ್ಬ ಹೆಂಗಸಿದ್ದಾಳೆ. ಆದರೆ ಒಂದು ಹಾಳೆಯಲ್ಲಿ ಫ್ರೆಂಚ್ ಸಿಪಾಯಿಗಳು ಸ್ಪೇನಿನವರನ್ನು ಕೊಲ್ಲುತ್ತಿದ್ದರೆ, ಮುಂದಿನದರಲ್ಲಿ ಸ್ಪೇನಿನವನೊಬ್ಬ ನೆಲಕ್ಕೆ ಬಿದ್ದ ಸಿಪಾಯಿಯ ಮೇಲೆ ಕೊಡಲಿ ಎತ್ತಿದ್ದಾನೆ. ಅದಕ್ಕೆ ಗೋಯಾ ಕೊಟ್ಟ ಹೆಸರು ‘ಇದೂ ಅದೇ’. ಇನ್ನೊಂದಷ್ಟು ಹಾಳೆಗಳಲ್ಲಿ ಬಂದೂಕೇ ಇಲ್ಲ: 1811-12ರ ಮ್ಯಾಡ್ರಿಡ್ ಕ್ಷಾಮದಲ್ಲಿ ಬೀದಿಯಲ್ಲಿ ಸತ್ತವರು, ಅವರನ್ನು ಗಾಡಿಗೆ ಹೇರುವವರು.

ಇದೇ ಗೋಯಾ ನೆಪೋಲಿಯನ್ನನ ಅಣ್ಣ ಜೋಸೆಫ್ ಸ್ಪೇನಿನ ಸಿಂಹಾಸನದಲ್ಲಿದ್ದಾಗ ಅವನಿಂದ ಪದಕವನ್ನೂ ಪಡೆದಿದ್ದ. ಫ್ರೆಂಚರು ಹೋದ ಮೇಲೆ, 1814ರಲ್ಲಿ, ಸರ್ಕಾರದ ನೆರವು ಕೇಳಿ ‘ಮೇ 3, 1808’ ಎಂಬ ಭಾರೀ ವರ್ಣಚಿತ್ರ ಮಾಡಿದ. ಬಿಳಿ ಅಂಗಿಯವನು ಕೈಯೆತ್ತಿ ಗುಂಡಿಗೆ ಎದೆಯೊಡ್ಡಿರುವ ಚಿತ್ರ. ಪಠ್ಯಪುಸ್ತಕಗಳಿಗೆ ಹತ್ತಿದ್ದು ಅದೇ. ಅಲ್ಲಿ ಕೊಲ್ಲುವವರು ಯಾರು, ಸಾಯುವವರು ಯಾರು ಎಂಬ ಗೊಂದಲವಿಲ್ಲ. ನನ್ನ ಮಟ್ಟಿಗೆ ನೋಟ್‌ಬುಕ್ಕಿನ ಹಾಳೆಯಷ್ಟೇ ಇರುವ ಆ ತಾಮ್ರದ ಚಿತ್ರಗಳೇ ಹೆಚ್ಚು. ಅವನು ಬದುಕಿರುವಾಗ ಅವು ಪ್ರಕಟವಾಗಲೇ ಇಲ್ಲ. 1828ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ತೀರಿಕೊಂಡ. ಮಾಲಿಕೆ ಅಚ್ಚಾದದ್ದು 1863ರಲ್ಲಿ.

ಪಕ್ಷ ಹಿಡಿಯದ ಚಿತ್ರವನ್ನು ಯಾವ ಪಕ್ಷ ತಾನೇ ಗೋಡೆಗೆ ಹಾಕೀತು? ಮೊದಲ ಮಹಾಯುದ್ಧದಲ್ಲಿ ತಾನಾಗಿ ಸೇನೆ ಸೇರಿ ಮೆಷಿನ್‌ಗನ್ ಹಿಡಿದ ಜರ್ಮನಿಯ ಆಟೊ ಡಿಕ್ಸ್, ಕಂದಕದಲ್ಲಿ ಕೊಳೆತ ದೇಹಗಳನ್ನು ಬರೆದ. ಕಲೋನ್ ನಗರದ ಸಂಗ್ರಹಾಲಯ 1923ರಲ್ಲಿ ಆ ಚಿತ್ರವನ್ನು ಕೊಂಡು, ಪರದೆಯ ಹಿಂದೆ ಇಟ್ಟಿತು. ಗಲಾಟೆಯಾದ ಮೇಲೆ ಹಿಂದಿರುಗಿಸಿತು. 1933ರಲ್ಲಿ ನಾಜಿಗಳು ಡಿಕ್ಸ್‌ನನ್ನು ಪ್ರಾಧ್ಯಾಪಕ ಹುದ್ದೆಯಿಂದ ತೆಗೆದುಹಾಕಿದರು. ಕಂದಕದ ಆ ಚಿತ್ರವೂ ಕೊನೆಗೆ ಕಾಣೆಯಾಯಿತು.

ನಮ್ಮ ನೆಲದಲ್ಲೂ ನಡೆದದ್ದು ಬೇರೆಯಲ್ಲ. 1943ರಲ್ಲಿ ಎರಡನೇ ಮಹಾಯುದ್ಧದ ನಡುವೆ ಬಂಗಾಳ ಹಸಿವಿನಿಂದ ಸಾಯುತ್ತಿದ್ದಾಗ ಕಲಾವಿದ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳಲ್ಲಿ ಓಡಾಡಿ, ಬರಿ ಎಲುಬಾಗಿದ್ದ ಜನರನ್ನು ಕಪ್ಪು ಶಾಯಿಯಲ್ಲಿ ಬರೆದುಕೊಂಡರು. ‘ಹಂಗ್ರಿ ಬೆಂಗಾಲ್’ ಎಂಬ ಅವರ ಕಿರುಪುಸ್ತಕ ಹೊರಬಂದೊಡನೆ ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ವಶಪಡಿಸಿಕೊಂಡು ನಾಶಮಾಡಿತು. ಕುಟುಂಬದವರ ಬಳಿ ಒಂದು ಪ್ರತಿ ಉಳಿದಿತ್ತು. ಆ ಪುಸ್ತಕವನ್ನು ಇಂದು ನಾವು ನೋಡಲು ಸಾಧ್ಯವಾಗಿರುವುದು ಅದರಿಂದ.