ಸಲುಗೆಯ ನುಡಿ ಮತ್ತು ಅದರ ಸತ್ಯ

ಕಂಡರಿಯದ ಸಾವಿರಾರು ಓದುಗರನ್ನು ಬರಹಗಾರನೊಬ್ಬ ಹಳೆಯ ನೆಂಟರೊಡನೆ ಹರಟುವಷ್ಟು ಸಲುಗೆಯಿಂದ ಮಾತನಾಡಿಸಿದರೆ ಆ ಸಲುಗೆ ನಿಜವೇ, ನಟನೆಯೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಶೈಲಿಯದೆಂದು ತೋರಿದರೂ ಮೂಲದಲ್ಲಿ ಅದು ನೀತಿಶಾಸ್ತ್ರದ್ದು. ಯಾರೊಡನೆ ಮಾತನಾಡಬೇಕು, ಯಾರ ಮುಂದೆ ಸುಮ್ಮನಿರಬೇಕು ಎಂಬುದು ಬರಹಕ್ಕೆ ತಿಳಿಯದು, ಮರುಪ್ರಶ್ನೆ ಹಾಕಿದರೆ ಅದು ಹೇಳಿದ್ದನ್ನೇ ಹೇಳುತ್ತದೆ ಎಂಬ ಆಕ್ಷೇಪವನ್ನು ಪ್ಲೇಟೊ ತನ್ನ 'ಫೀಡ್ರಸ್' ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಆಡಿಸಿದ್ದಾನೆ. ಸ್ನೇಹದಲ್ಲಿ ಒಬ್ಬರು ಇನ್ನೊಬ್ಬರ ಹಿತ ಬಯಸಿದರಷ್ಟೇ ಸಾಲದು, ಆ ಬಯಕೆ ಇಬ್ಬರಿಗೂ ತಿಳಿದಿರಬೇಕು ಎಂಬುದು ಅರಿಸ್ಟಾಟಲನ ನಿಲುವು. ಇವೆರಡನ್ನೂ ಒಪ್ಪಿದರೆ ಅಚ್ಚಾದ ಪುಟದ ಸಲುಗೆಯೆಲ್ಲ ಹುಸಿಯೆಂದೇ ತೀರ್ಮಾನಿಸಬೇಕಾಗುತ್ತದೆ. ಆದರೆ ಹವ್ಯಾಸಿ ಪತ್ರಿಕೆಗಳ ಚರಿತ್ರೆ ಈ ತೀರ್ಮಾನಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಅಮೆರಿಕದ ಹವ್ಯಾಸಿ ರೇಡಿಯೊ ಬಳಗದ ಮುಖಪತ್ರಿಕೆ 'ಕ್ಯೂಎಸ್‌ಟಿ' 1915ರ ಡಿಸೆಂಬರ್‌ನಲ್ಲಿ ಆರಂಭವಾಯಿತು. 1912ರ ಕಾನೂನು ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಿರಿದಾದ ತರಂಗಗಳಿಗೆ ಕಟ್ಟಿಹಾಕಿತ್ತು. ಅಂದಿನ ಕಿಡಿ-ಪ್ರೇಷಕಗಳು, ಅಂದರೆ ವಿದ್ಯುತ್ ಕಿಡಿ ಹಾರಿಸಿ ಅಲೆ ಎಬ್ಬಿಸುವ ಯಂತ್ರಗಳು, ಬಹಳ ಅಗಲದ ಜಾಗವನ್ನು ಆಕ್ರಮಿಸುತ್ತಿದ್ದುದರಿಂದ ಒಬ್ಬನ ಅಜಾಗರೂಕತೆ ಸುತ್ತಲಿನ ಎಲ್ಲರ ಸಂದೇಶವನ್ನೂ ಕೆಡಿಸುತ್ತಿತ್ತು. 1917ರಲ್ಲಿ 'ದಿ ಓಲ್ಡ್ ಮ್ಯಾನ್', ಅಂದರೆ 'ಮುದುಕ', ಎಂಬ ಹೆಸರಿನಿಂದ ಈ ಅವ್ಯವಸ್ಥೆಯನ್ನು ಗೊಣಗುತ್ತ, ಬೈಯುತ್ತ, ಬೀದಿಮಾತಿನ ಲಯದಲ್ಲಿ ಬರೆದ ಲೇಖನಗಳು ಅಲ್ಲಿ ಬರತೊಡಗಿದವು. ಕೆಟ್ಟ ಪ್ರಸಾರಕರನ್ನು ದಂಡಿಸಲು ಈ ಮುದುಕ 'ವೂಫ್ ಹಾಂಗ್' ಎಂಬ ಅರ್ಥವಿಲ್ಲದ ಹೆಸರಿನ ಆಯುಧವೊಂದನ್ನೂ ಕಲ್ಪಿಸಿದ.

ಓದುಗರ ಪ್ರತಿಕ್ರಿಯೆ ತತ್ತ್ವಜಿಜ್ಞಾಸುವಿಗೆ ಇಲ್ಲಿ ಬಹಳ ಮುಖ್ಯ. ಬೈಸಿಕೊಂಡವರು ಮುನಿಸಿಕೊಂಡು ಪತ್ರಿಕೆಯನ್ನು ತೊರೆಯಲಿಲ್ಲ. ಮುದುಕ ಯಾರೆಂದು ಊಹಿಸುತ್ತ, ಅವನ ಮಾತುಗಳನ್ನು ತಮ್ಮ ತಮ್ಮಲ್ಲೇ ಬಳಸುತ್ತ ಅವನನ್ನು ತಮ್ಮವನನ್ನಾಗಿ ಮಾಡಿಕೊಂಡರು. ಕಾಲಕ್ರಮದಲ್ಲಿ ವೂಫ್ ಹಾಂಗ್ ಮರದ ವಸ್ತುವಾಗಿ ರೂಪ ತಳೆಯಿತು, ಸಮ್ಮೇಳನಗಳಲ್ಲಿ ನಡುರಾತ್ರಿ ಅದರ ಹೆಸರಿನಲ್ಲಿ ದೀಕ್ಷಾವಿಧಿಯೂ ನಡೆಯತೊಡಗಿತು. ಲೇಖನದೊಳಗಿನ ಕಲ್ಪನೆಯನ್ನು ವಿಧಿಯಾಗಿ ಬೆಳೆಸಿದವರು ಓದುಗರೇ ಎಂಬುದು, ವಿನೋದದ ಉಡುಪಿನಲ್ಲಿದ್ದರೂ, ಸಮುದಾಯವೊಂದು ತನ್ನ ನಿಯಮಗಳಿಗೆ ತಾನೇ ಒಪ್ಪಿಗೆ ಕೊಟ್ಟ ಗಂಭೀರ ಕ್ರಿಯೆ. ಉತ್ತರಿಸಲಾರದು ಎಂದು ಪ್ಲೇಟೊ ಶಂಕಿಸಿದ್ದ ಬರಹಕ್ಕೆ ಇಲ್ಲಿ ಓದುಗರ ನಡೆಯೇ ಉತ್ತರವಾಗಿ ಬಂದಿತು.

ಆ ಮುದುಕ ಬಳಗದ ಅಧ್ಯಕ್ಷರೂ ಸ್ಥಾಪಕರಲ್ಲೊಬ್ಬರೂ ಆಗಿದ್ದ ಎಂಜಿನಿಯರ್ ಹೈರಂ ಪರ್ಸಿ ಮ್ಯಾಕ್ಸಿಮ್ ಎಂಬ ಸಂಗತಿ 1936ರಲ್ಲಿ ಅವರು ತೀರಿಕೊಂಡ ಮೇಲಷ್ಟೇ ಬಹಿರಂಗವಾಯಿತು. ಇದನ್ನು ವಂಚನೆ ಎನ್ನಬಹುದೇ? ಅಧಿಕಾರದ ಬಾಯಿಂದ ಬಂದರೆ ಆಜ್ಞೆಯಾಗುತ್ತಿದ್ದ ಮಾತು ನೊಂದ ಹವ್ಯಾಸಿಯ ಬಾಯಿಂದ ಬಂದಾಗ ಓದುಗನ ವಿವೇಚನೆಗೇ ಬಿಟ್ಟ ಮಾತಾಯಿತು. ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ಡ್ ಗುಪ್ತನಾಮಗಳಲ್ಲಿ ಬರೆದು 'ಪರೋಕ್ಷ ಸಂವಹನ' ಎಂದು ಕರೆದದ್ದಕ್ಕೆ, ಅಂದರೆ ಸತ್ಯವನ್ನು ಹೇರದೆ ಕೇಳುಗನೇ ಕಂಡುಕೊಳ್ಳುವಂತೆ ಮಾಡುವ ಕ್ರಮಕ್ಕೆ, ಇದು ಹತ್ತಿರದ್ದು. ಮ್ಯಾಕ್ಸಿಮ್ ಮರೆಮಾಡಿದ್ದು ಹೆಸರು ಮತ್ತು ಪದವಿಯನ್ನು. ಸ್ವತಃ ಹವ್ಯಾಸಿ ರೇಡಿಯೊ ಕೇಂದ್ರ ನಡೆಸುತ್ತಿದ್ದ ಅವರಿಗೆ ಆ ಗದ್ದಲದ ಸಂಕಟ ಹೊರಗಿನದೇನೂ ಆಗಿರಲಿಲ್ಲ.

ಆದರೆ ಸಲುಗೆಯ ಭಾಷೆಯನ್ನು ಸಾರಾಸಗಟಾಗಿ ನಂಬುವುದೂ ತಪ್ಪು. ಕೇಳುಗನನ್ನು ಬಳಸಿಕೊಳ್ಳುವ ಉದ್ದೇಶದಿಂದಲೇ ಅವನೊಡನೆ ಆತ್ಮೀಯತೆ ನಟಿಸುವುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1946ರ ತಮ್ಮ ಗ್ರಂಥದಲ್ಲಿ 'ಹುಸಿ ಸಮುದಾಯ' ಎಂಬರ್ಥದ ಪದದಿಂದ ಗುರುತಿಸಿದರು. ಯುದ್ಧದ ಸಾಲಪತ್ರ ಮಾರಲು 1943ರಲ್ಲಿ ರೇಡಿಯೊದಲ್ಲಿ ಇಡೀ ದಿನ ಮತ್ತೆ ಮತ್ತೆ ಮಾತನಾಡಿದ ಗಾಯಕಿ ಕೇಟ್ ಸ್ಮಿತ್‌ರನ್ನು ಜನ ನಂಬಿದ್ದು ಅವರ ಮಾತಿನ ಮಾಧುರ್ಯಕ್ಕಷ್ಟೇ ಅಲ್ಲದೆ, ಕೇಳುಗರ ಅರಿವಿಗೆ ಬರುವಂತೆ ಅವರು ಪಟ್ಟ ಶ್ರಮಕ್ಕೂ ಎಂಬುದು ಅದೇ ಅಧ್ಯಯನದಿಂದ ತಿಳಿದುಬರುತ್ತದೆ. ಹಾಗಾಗಿ 'ಗೆಳೆಯ' ಎಂದು ಕರೆಯುವ ಪತ್ರಿಕೆಯನ್ನು ಅಳೆಯಬೇಕಾದದ್ದು ಆ ಕರೆಯ ಮೃದುತ್ವದಿಂದಲ್ಲ. ಬರೆದವನು ಅದೇ ಕೆಲಸದಲ್ಲಿ ಕೈ ಸುಟ್ಟುಕೊಂಡಿದ್ದಾನೆಯೇ, ಓದುಗನ ತಿದ್ದುಪಡಿಗೆ ಪುಟದಲ್ಲಿ ಜಾಗವಿದೆಯೇ ಎಂಬುದರಿಂದ. ಈ ಎರಡು ಪರೀಕ್ಷೆಗಳಲ್ಲಿ ಗೆಲ್ಲುವ ಒರಟು ಗೊಣಗಾಟವು ಸೋಲುವ ನಯನುಡಿಗಿಂತ ಹೆಚ್ಚು ಪ್ರಾಮಾಣಿಕವಾದದ್ದು.