ಎಡವಿದ ಕಾಲೇ ಎಡವೋದು

ಹೊಸ್ತಿಲಿಗೆ ತಾಗಿ ಉಗುರೆದ್ದ ಬೆರಳು ಮರುದಿನ ಮಂಚದ ಕಾಲಿಗೂ ತಾಗುತ್ತದೆ. ಅರಿಸಿನ ಮೆತ್ತುತ್ತಾ ಮನೆಯ ಹಿರಿಯರು ‘ಎಡವಿದ ಕಾಲೇ ಎಡವೋದು’ ಎನ್ನುತ್ತಾರೆ. ಊರಲ್ಲಿ ಈ ಗಾದೆ ಬೆರಳಿಗಷ್ಟೇ ನಿಲ್ಲುವುದಿಲ್ಲ. ಮಳೆ ಕೈಕೊಟ್ಟ ವರ್ಷವೇ ಎತ್ತು ಕಳೆದುಕೊಂಡವನಿಗೆ, ಸಾಲ ತೀರುವ ಮೊದಲೇ ಮನೆಗೆ ಕಾಯಿಲೆ ಹೊಕ್ಕವರಿಗೆ ಇದನ್ನೇ ಹೇಳಿ ನಿಟ್ಟುಸಿರು ಬಿಡುತ್ತಾರೆ. ಹೀಗೆ ಹೇಳಿ ಹೇಳಿ ಇದು ಹಣೆಬರಹದ ಗಾದೆಯಾಗಿಬಿಟ್ಟಿದೆ. ಪೆಟ್ಟು ತಿಂದವನಿಗೇ ಪೆಟ್ಟು, ಏನು ಮಾಡೋಕಾಗುತ್ತೆ ಎಂಬ ಧಾಟಿ.

ಗಾದೆ ಮಾತ್ರ ಹಣೆಬರಹದ ಸೊಲ್ಲೆತ್ತಿಲ್ಲ. ಎಡವಿದ ಕಾಲು ಮತ್ತೆ ಎಡವುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗಿದೆ, ಯಾಕೆ ಎಂಬುದನ್ನು ನಮಗೆ ಬಿಟ್ಟಿದೆ. ನೋಯುವ ಬೆರಳಿನವನ ನಡಿಗೆ ನೋಡಿ. ಬೆರಳು ಉಳಿಸಿಕೊಳ್ಳಲು ಹಿಮ್ಮಡಿ ಊರುತ್ತಾನೆ, ಪಾದ ಓರೆಯಾಗಿ ಬೀಳುತ್ತದೆ, ಕಣ್ಣು ದಾರಿ ಬಿಟ್ಟು ಬಟ್ಟೆ ಸುತ್ತಿದ ಬೆರಳಿನ ಮೇಲೆಯೇ ಇರುತ್ತದೆ. ಇಷ್ಟಾದ ಮೇಲೆ ಮಂಚದ ಕಾಲು ತಾಗದೆ ಇನ್ನೇನು? ಮೊದಲ ಪೆಟ್ಟು ಆಕಸ್ಮಿಕ ಇರಬಹುದು. ಎರಡನೆಯದನ್ನು ತಂದದ್ದು ಮೊದಲನೆಯದು ಕಲಿಸಿದ ನಡಿಗೆ. ನನ್ನ ಮಟ್ಟಿಗೆ ಗಾದೆಯ ತಿರುಳು ಇಲ್ಲಿದೆ. ಇದು ಬರಿಗಣ್ಣಿಗೆ ಕಾಣಬೇಕೆಂದರೆ ಕಲ್ಲುಬಂಡೆಯ ದಾರಿಯಲ್ಲಿ ಹೊಸದಾಗಿ ಮೌಂಟನ್ ಬೈಕ್ ಹತ್ತಿದವರನ್ನು ಒಂದು ಬೆಳಿಗ್ಗೆ ನೋಡಿದರೆ ಸಾಕು.

ಬೆಂಗಳೂರಿನವರಿಗೆ ಹತ್ತಿರದ ಜಾಗ ತುರಹಳ್ಳಿ. ಕನಕಪುರ ರಸ್ತೆಯ ಬದಿಗೆ, ಬನಶಂಕರಿ 6ನೇ ಹಂತದಾಚೆ, ಸುತ್ತ ಅಪಾರ್ಟ್‌ಮೆಂಟುಗಳು ಒತ್ತಿಕೊಂಡು ಬಂದರೂ ಉಳಿದಿರುವ ಕಾಡು. ಬಂಡೆ ಹತ್ತುವವರು, ನಡೆಯುವವರು, ಸೈಕಲ್‌ನವರು ಎಲ್ಲರಿಗೂ ಅದು ಬೇಕು. (ಅರಣ್ಯ ಇಲಾಖೆಯ ಜಾಗ. ಸೈಕಲ್ ಬಿಡುತ್ತಾರೋ ಇಲ್ಲವೋ ವಿಚಾರಿಸಿಕೊಂಡು ಹೋಗುವುದು ಮರ್ಯಾದೆ.) ಅಲ್ಲಿಯ ಬಂಡೆ ಲಾಲ್‌ಬಾಗಿನ ಗುಡ್ಡದ ಬಂಡೆಯದೇ ಕುಲ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅದು ಬಿಸಿಲಿಗೆ ಮಳೆಗೆ ಸಡಿಲಗೊಂಡು ಉದುರಿಸುವ ಕಾಳೇ ನಮ್ಮ ಗರಸು. ಗಟ್ಟಿ ನೆಲದ ಮೇಲೆ ಹರಡಿಕೊಂಡ ಈ ಗರಸಿನ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ. ಮೇಲೆ ನೀಲಗಿರಿಯ ಒಣ ಎಲೆ ಬೇರೆ. ಅಮೆರಿಕ, ಕೆನಡಾದ ಟ್ರೇಲ್‌ಗಳಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ ಎಂದು ಕಷ್ಟದ ಮಟ್ಟಕ್ಕೆ ತಕ್ಕ ಗುರುತು ನೆಟ್ಟಿರುತ್ತಾರೆ. ನಮ್ಮಲ್ಲಿ ದನ ಕಾಯುವವರು, ಸೌದೆ ತರುವವರು ಸವೆಸಿದ ಕಾಲುದಾರಿಯೇ ಟ್ರೇಲ್. ಹಸಿರೂ ಕಪ್ಪೂ ಒಂದೇ ತಿರುವಿನಲ್ಲಿ ಬರುತ್ತವೆ, ಯಾರೂ ಮೊದಲೇ ಹೇಳುವುದಿಲ್ಲ.

ಅಂಥ ಒಂದು ಇಳಿಜಾರು. ಹಾಸುಬಂಡೆ ಮೆಲ್ಲಗೆ ಇಳಿದು ಕೊನೆಯಲ್ಲಿ ಮೆಟ್ಟಿಲಿನ ಹಾಗೆ ಒಂದು ಗೇಣಿನಷ್ಟು ತಟ್ಟನೆ ಕತ್ತರಿಸಿದೆ. ಎಡಕ್ಕೆ ಬೇರು, ಬಲಕ್ಕೆ ಲಂಟಾನ, ನಡುವೆ ಒಂದೂವರೆ ಮೊಳ ಜಾಗ, ಅದರ ಬಾಯಲ್ಲೇ ಮುಷ್ಟಿಗಾತ್ರದ ಕಲ್ಲು. ಹೊಸಬ ಬರುತ್ತಾನೆ, ಕಲ್ಲು ಕಾಣುತ್ತದೆ, ಎರಡೂ ಬ್ರೇಕ್ ಒತ್ತುತ್ತಾನೆ, ನೇರವಾಗಿ ಹೋಗಿ ಅದಕ್ಕೇ ಗುದ್ದುತ್ತಾನೆ. ಅಕ್ಕಪಕ್ಕದಲ್ಲಿ ಅಷ್ಟು ಜಾಗ ಇದ್ದೂ ಅದಕ್ಕೇ! ಎದ್ದು, ಮಂಡಿ ಒರೆಸಿಕೊಂಡು, ಸೈಕಲ್ ಮೇಲಕ್ಕೆ ತಳ್ಳಿಕೊಂಡು ಹೋಗಿ ಮತ್ತೆ ಬರುತ್ತಾನೆ. ಮತ್ತೆ ಅದೇ ಕಲ್ಲು.

‘ಅಣ್ಣ, ಮತ್ತೆ ಅಲ್ಲೇ ಹೋಯ್ತು.’

‘ಕಲ್ಲನ್ನೇ ನೋಡ್ತಾ ಇದ್ದೀಯ, ಅದಕ್ಕೆ. ಆಚೆ ನೀಲಗಿರಿ ಬುಡ ಇದೆಯಲ್ಲ, ಅದನ್ನ ನೋಡು.’

‘ಕಲ್ಲು ನೋಡದೆ ಹೆಂಗಣ್ಣ ಹೋಗೋದು?’

ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಲೆಕ್ಕ ಹಾಕಿಯೇ ಹೇಳಬಹುದು. ಗಂಟೆಗೆ 15 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ನಾಲ್ಕು ಮೀಟರಿಗೆ ಮಿಕ್ಕಿ. ಚಕ್ರದ ಮುಂದೆ ಎರಡು ಮೀಟರಿನಲ್ಲಿ ಕಣ್ಣು ನೆಟ್ಟವನ ಕೈಯಲ್ಲಿ ಇರುವುದು ಅರ್ಧ ಸೆಕೆಂಡೂ ಅಲ್ಲ. ಕಂಡದ್ದು ತಲೆಗೆ ಹೋಗಿ, ತಲೆಯಿಂದ ಕೈಗೆ ಬಂದು, ಕೈ ಹ್ಯಾಂಡಲ್ ತಿರುಗಿಸುವ ಹೊತ್ತಿಗೆ ಕಲ್ಲು ಚಕ್ರದ ಕೆಳಗೆ. ಅದಕ್ಕಾಗಿ ಕಲ್ಲನ್ನು ದೂರದಲ್ಲೇ ನೋಡಿ ಮುಗಿಸಬೇಕು. ಹತ್ತಿರ ಬಂದಾಗ ಕಣ್ಣು ಮುಂದಿನ ತಿರುವಿನಲ್ಲಿರಬೇಕು. ಕಣ್ಣು ಹೋದಲ್ಲಿಗೆ ತಲೆ, ತಲೆಯ ಹಿಂದೆ ಹೆಗಲು, ಹೆಗಲಿನ ಹಿಂದೆ ಹ್ಯಾಂಡಲ್. ಒಮ್ಮೆ ಕೆಡವಿದ ಕಲ್ಲಿನ ಮೇಲಿಂದ ಕಣ್ಣು ಕೀಳುವುದು ಮಾತ್ರ ಕಷ್ಟ, ಏಕೆಂದರೆ ಹೆದರಿಕೆ ಕಣ್ಣನ್ನು ಅಲ್ಲೇ ಕಟ್ಟಿಹಾಕಿರುತ್ತದೆ. ಉಗುರೆದ್ದ ಬೆರಳನ್ನೇ ನೋಡುತ್ತ ನಡೆಯುವವನ ಪಾಡೂ ಇದೇ ತಾನೆ.

ಕಣ್ಣಿನ ನಂತರ ಬ್ರೇಕ್. ಬಿದ್ದವರಿಗೆಲ್ಲ ಬ್ರೇಕಿನ ಮೇಲೆ ಭಕ್ತಿ ಹುಟ್ಟುತ್ತದೆ. ಮೊದಲ ಸಲ ಬ್ರೇಕ್ ತಡವಾಯಿತು ಎಂದು ಅವರ ತೀರ್ಮಾನ. ಹಾಗಾಗಿ ಮುಂದಿನ ಸಲ ಇನ್ನೂ ಬಲವಾಗಿ, ಬಂಡೆ ಕತ್ತರಿಸಿದ ಅಂಚಿನಲ್ಲೇ, ಒತ್ತುತ್ತಾರೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಸಸ್ಪೆನ್ಷನ್ ಕುಗ್ಗುತ್ತದೆ, ಸೈಕಲ್ಲಿನ ಮೂಗು ಇನ್ನಷ್ಟು ಕೆಳಗೆ. ಅದೇ ಗಳಿಗೆಗೆ ಚಕ್ರ ಮೆಟ್ಟಿಲಿನ ಬುಡಕ್ಕೋ ಕಲ್ಲಿಗೋ ಸಿಕ್ಕಿದರೆ ಸೈಕಲ್ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಉರುಳುವ ಚಕ್ರ ಕಲ್ಲು ಹತ್ತಿ ಇಳಿಯುತ್ತದೆ, ಬಿಗಿದ ಚಕ್ರಕ್ಕೆ ಅದು ಗೋಡೆ. ಪಳಗಿದವರು ವೇಗವನ್ನು ಮೊದಲೇ, ಹಿಡಿತ ಸಿಗುವ ನೆಲದ ಮೇಲೆ, ಇಳಿಸಿಕೊಂಡು ಕಲ್ಲಿನ ಮೇಲೆ ಬೆರಳು ಸಡಿಲಿಸುತ್ತಾರೆ. ಒಂದೊಂದು ಬ್ರೇಕಿಗೆ ಒಂದೊಂದು ಬೆರಳು ಸಾಕು, ಉಳಿದವು ಹ್ಯಾಂಡಲ್ ಹಿಡಿಯಲಿಕ್ಕೆ. ಇನ್ನು ಹೆದರಿ ಮುಂದಿನ ಬ್ರೇಕನ್ನು ಮುಟ್ಟಲೇಬಾರದು ಎಂದು ಹಟ ಹಿಡಿಯುವವರಿದ್ದಾರೆ. ಸೈಕಲ್ ನಿಲ್ಲಿಸುವ ಬಲದ ದೊಡ್ಡ ಪಾಲು ಇರುವುದೇ ಮುಂದಿನದರಲ್ಲಿ. ಹಿಂದಿನದನ್ನೇ ನಂಬಿದವರು ಗರಸಿನ ಮೇಲೆ ಜಾರುತ್ತ ಹೋಗುತ್ತಾರೆ, ದಾರಿಯಲ್ಲೊಂದು ಗೀರು ಬಿಟ್ಟು. ಮುಂದಿನ ಮಳೆಗೆ ಆ ಗೀರೇ ಕೊರಕಲು.

ಮೈಯ ವಿಷಯವೂ ಹಾಗೆಯೇ. ಬಿದ್ದವನು ಸೀಟಿಗೆ ಅಂಟಿಕೊಳ್ಳುತ್ತಾನೆ, ಇಲ್ಲವೇ ಹಿಂದಿನ ಚಕ್ರದ ಮೇಲೆ ಜೋತುಬೀಳುತ್ತಾನೆ. ಕೈ ನೆಟ್ಟಗೆ, ಬಿಗಿ. ಹಾಗೆ ಹಿಂದೆ ಜೋತುಬಿದ್ದರೆ ಮುಂದಿನ ಚಕ್ರದ ಮೇಲೆ ಭಾರವಿಲ್ಲ. ಭಾರವಿಲ್ಲದ ಚಕ್ರ ತಿರುಗಿಸಿದತ್ತ ಹೋಗುವುದಿಲ್ಲ. ಪೆಡಲುಗಳು ಸಮ, ಹಿಮ್ಮಡಿ ತುಸು ಕೆಳಗೆ, ಮಂಡಿ ಮೊಣಕೈ ಎರಡೂ ಬಾಗಿ, ಸೊಂಟ ಹಿಂದಕ್ಕೆ ಮಡಿದು, ಎದೆ ಹ್ಯಾಂಡಲ್ಲಿನ ಮೇಲೆ ತಗ್ಗಿ ನಿಲ್ಲುವುದು ಸರಿಯಾದ ಭಂಗಿ. ಹೇಳಲಿಕ್ಕೆ ಇಷ್ಟೇ. ಮೈಗೆ ಬರಲು ಮೈದಾನ ಬೇಕು, ಬಂಡೆ ಬೇಡ.

ನುರಿತವರು ಎಡವುವುದಿಲ್ಲವೇ ಎಂದರೆ ಟೋಕಿಯೊ ಒಲಿಂಪಿಕ್ಸ್ ನೆನೆಯಬೇಕು. ಮೌಂಟನ್ ಬೈಕ್ ಒಲಿಂಪಿಕ್ಸ್‌ಗೆ ಬಂದದ್ದು 1996ರ ಅಟ್ಲಾಂಟಾದಲ್ಲಿ. 2021ರ ಜುಲೈ 26ರಂದು ಇಝುವಿನಲ್ಲಿ ನಡೆದ ಪುರುಷರ ಸ್ಪರ್ಧೆಗೆ ನೆದರ್ಲೆಂಡ್ಸ್‌ನ ಮಥ್ಯು ವ್ಯಾನ್ ಡರ್ ಪೂಲ್ ದೊಡ್ಡ ಹೆಸರಾಗಿ ಬಂದಿದ್ದರು. ಮೊದಲ ಸುತ್ತಿನಲ್ಲೇ ಒಂದು ದೊಡ್ಡ ಬಂಡೆಯಿಂದ ಇಳಿಯುವಾಗ ಮುಗ್ಗರಿಸಿ ಬಿದ್ದರು, ಕೊನೆಗೆ ಸ್ಪರ್ಧೆಯಿಂದಲೇ ಹಿಂದೆ ಸರಿದರು. ಬ್ರಿಟನ್ನಿನ ಟಾಮ್ ಪಿಡ್ಕಾಕ್ ಚಿನ್ನ ಗೆದ್ದರು. ತಾಲೀಮಿನ ದಿನಗಳಲ್ಲಿ ಆ ಬಂಡೆಗೆ ಹಲಗೆಯ ಇಳಿಜಾರು ಹಾಕಿದ್ದರು, ಸ್ಪರ್ಧೆಯ ದಿನ ತೆಗೆದಿದ್ದರು. ಬೇರೆಯವರಿಗೆ ಇದು ಗೊತ್ತಿತ್ತು, ಇವರಿಗೆ ಗೊತ್ತಿರಲಿಲ್ಲ. ನೆಗೆಯಬೇಕಾದಲ್ಲಿ ಉರುಳಿ ಇಳಿಯಲು ಹೋದರು. ನೆಲದಲ್ಲಿಲ್ಲದ ಹಲಗೆ ಅವರ ಮೈಯ ನೆನಪಿನಲ್ಲಿತ್ತು. ಗಾದೆಗೆ ಇದೊಂದು ಅಡ್ಡ ಟಿಪ್ಪಣಿ: ಎಡವಿಸುವುದು ಹಿಂದಿನ ಪೆಟ್ಟೇ ಆಗಬೇಕಿಲ್ಲ, ಹಿಂದಿನ ಯಶಸ್ಸೂ ಎಡವಿಸುತ್ತದೆ.

ಹಾಗಾದರೆ ಹೊಸಬ ಆ ಕಲ್ಲನ್ನು ಗೆಲ್ಲುವುದು ಹೇಗೆ? ಹಟದಿಂದ ಎನ್ನುವವರೇ ಹೆಚ್ಚು. ‘ಬರೋ ತನಕ ಬಿಡಬೇಡ ಮಗಾ’ ಎಂದು ಕೂಗಿ ಹುರಿದುಂಬಿಸುವ ಗೆಳೆಯರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ನನಗೆ ಈ ಸಲಹೆಯ ಮೇಲೆ ನಂಬಿಕೆ ಇಲ್ಲ. ತಪ್ಪು ಭಂಗಿಯಲ್ಲಿ ಅದೇ ಕಲ್ಲಿಗೆ ಮತ್ತೆ ಮತ್ತೆ ಹೋದವನು ಕಲಿಯುವುದು ತಪ್ಪು ಭಂಗಿಯನ್ನೇ, ಅದೂ ಚೆನ್ನಾಗಿ. ಕಲಿಕೆಯನ್ನು ಅಳೆದು ನೋಡಿದವರ ಮಾತೂ ಕುತೂಹಲದ್ದು. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಚಿಕ್ಕ ಮರದ ಹಲಗೆಗಳನ್ನು ಹೇಳಿದ ಕ್ರಮದಲ್ಲಿ ಕೈಯಿಂದ ಬೀಳಿಸುವ ಕೆಲಸ ಕೊಟ್ಟರು. ಒಂದು ಗುಂಪು ಒಂದು ಕ್ರಮವನ್ನು ಪೂರ್ತಿ ಅಭ್ಯಾಸ ಮಾಡಿ ಇನ್ನೊಂದಕ್ಕೆ ಹೋಗುತ್ತಿತ್ತು, ಇನ್ನೊಂದು ಗುಂಪಿಗೆ ಕ್ರಮಗಳನ್ನು ಕಲಸಿ ಕೊಟ್ಟಿದ್ದರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚುರುಕು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಎರಡನೆಯ ಗುಂಪು ಮುಂದಿತ್ತು. ಹಲಗೆ ಬೀಳಿಸುವುದೂ ಬಂಡೆ ಇಳಿಯುವುದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೂ ಟ್ರೇಲಿನಲ್ಲಿ ಇದರ ಹೋಲಿಕೆ ಕಾಣುತ್ತದೆ. ಒಂದೇ ಮೆಟ್ಟಿಲಿಗೆ ಬೆಳಗಿಡೀ ಅಂಟಿಕೊಂಡವನು ಅದನ್ನು ದಾಟುತ್ತಾನೆ, ಮುಂದಿನ ವಾರ ಬೇರೆ ಮೆಟ್ಟಿಲಿನ ಮುಂದೆ ಮೊದಲ ದಿನದ ಹೊಸಬನೇ. ಒಂದು ತಗ್ಗು, ಒಂದು ಬೇರು, ಒಂದು ತಿರುವು ಎಂದು ಸುತ್ತಿ ಬಂದು ಮತ್ತೆ ಮೆಟ್ಟಿಲಿಗೆ ಬರುವವನು ನಿಧಾನವಾಗಿ ಕಲಿತರೂ ಅದನ್ನು ಬೇರೆ ಗುಡ್ಡಕ್ಕೂ ಒಯ್ಯುತ್ತಾನೆ.

ಗೇಣುದ್ದದ ಮೆಟ್ಟಿಲನ್ನು ಕಲಿಯುವ ಜಾಗ ಆ ಮೆಟ್ಟಿಲಲ್ಲ. ಮನೆ ಮುಂದಿನ ಫುಟ್‌ಪಾತ್ ಅಂಚು ಇದೆ, ಪಾರ್ಕಿನ ಎರಡು ಮೆಟ್ಟಿಲಿವೆ. ಅಲ್ಲಿ ಮುಂದಿನ ಚಕ್ರ ಹಗುರ ಮಾಡುವುದು, ನಿಂತಲ್ಲೇ ಸಮತೋಲ ಹಿಡಿಯುವುದು, ಬ್ರೇಕ್ ಜಾರುವ ಅಂಚಿನವರೆಗೆ ಒತ್ತಿ ಬಿಡುವುದು, ಇವನ್ನು ಸಂಜೆ ಹೊತ್ತು ಮಾಡಬಹುದು. ನೋಡಿದವರು ನಗುತ್ತಾರೆ, ನಗಲಿ. ಟ್ರೇಲಿಗೆ ಹೋದಾಗ ಮೊದಲು ಸೈಕಲ್ ಇಳಿದು ನಡೆದು ನೋಡಬೇಕು, ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಕಾಣದ ಜಾಗ ಕೆಳಗಿನಿಂದ ಕಾಣುತ್ತದೆ. ನಡೆದು ದಾಟುವುದು ಸೋಲು ಎಂಬ ಭಾವನೆ ನಮ್ಮ ಹುಡುಗರಲ್ಲಿ ಯಾಕೆ ಬಂತೋ. ವಿಡಿಯೊಗಳ ಕೃಪೆ ಇರಬೇಕು.

ಇನ್ನು ಸೈಕಲ್ಲಿನ ಮೇಲೆ ತಪ್ಪು ಹೊರಿಸುವವರು. ಎರಡು ಸಲ ಬಿದ್ದ ಕೂಡಲೇ ಫುಲ್ ಸಸ್ಪೆನ್ಷನ್ ಬೇಕು, ದೊಡ್ಡ ಚಕ್ರ ಬೇಕು ಎಂದು ಅಂಗಡಿ ಸುತ್ತುತ್ತಾರೆ. ಸೀಟನ್ನು ಬೇಕಾದಾಗ ಇಳಿಸಿಕೊಳ್ಳುವ ಡ್ರಾಪರ್ ಪೋಸ್ಟ್‌ನಿಂದ ನಿಜವಾಗಿಯೂ ಉಪಯೋಗವಿದೆ, ಒಪ್ಪುತ್ತೇನೆ. ಟೈರಿನಲ್ಲಿ ಗಾಳಿ ತುಸು ಇಳಿಸಿದರೆ ಖರ್ಚಿಲ್ಲದೆ ಹಿಡಿತ ಹೆಚ್ಚುತ್ತದೆ. ಆದರೆ ಈ ಆಟ ಹುಟ್ಟಿದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ, 1976ರಲ್ಲಿ ‘ರೀಪ್ಯಾಕ್’ ಸ್ಪರ್ಧೆ ಶುರುವಾದಾಗ, ಗುಡ್ಡ ಇಳಿದದ್ದು ದಪ್ಪ ಟೈರಿನ ಹಳೆಯ ಸೈಕಲ್‌ಗಳು. ಪೆಡಲ್ ಹಿಂದಕ್ಕೆ ತುಳಿದರೆ ಚಕ್ರದ ಹಬ್ಬಿನೊಳಗೆ ಹಿಡಿಯುವ ಬ್ರೇಕ್ ಅವಕ್ಕೆ. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಹಬ್ಬಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ತುಂಬಿಸಬೇಕಾಗುತ್ತಿತ್ತು. ಸ್ಪರ್ಧೆಯ ಹೆಸರು ಅದರಿಂದಲೇ ಬಂದದ್ದು.

ಗಾದೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಾದ ಒಂದು ಜಾಗವೂ ಇದೆ. ಪೆಟ್ಟಾದ ಅಂಗ ಮಾಯುವ ಮೊದಲೇ ಮತ್ತೆ ಹೊರಡುವುದು. ಬೀಳುವಾಗ ಕೈ ಊರುವುದು ಮನುಷ್ಯನ ಸಹಜ ಚಾಳಿ, ಪೆಟ್ಟು ಬೀಳುವುದು ಮಣಿಕಟ್ಟಿಗೆ. ಅಲ್ಲಿ ಹೆಬ್ಬೆರಳಿನ ಬುಡದಲ್ಲಿ ಗೋಡಂಬಿಯ ಆಕಾರದ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆ ಇದೆ. ಅದು ಬಿರುಕು ಬಿಟ್ಟರೆ ಊತ ದೊಡ್ಡದಾಗಿ ಕಾಣದೇ ಇರಬಹುದು, ಮೊದಲ ದಿನದ ಎಕ್ಸ್‌ರೇಯಲ್ಲೂ ಕೆಲವೊಮ್ಮೆ ಸಿಗುವುದಿಲ್ಲ. ಅದಕ್ಕೇ ವೈದ್ಯರು ಕಟ್ಟು ಹಾಕಿ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸಿ ನೋಡುತ್ತಾರೆ. ಅದಕ್ಕೆ ರಕ್ತ ಸಿಗುವುದೂ ಅಷ್ಟಕ್ಕಷ್ಟೇ, ಕೂಡಲು ತಿಂಗಳುಗಳೇ ಬೇಕಾಗಬಹುದು. ‘ಬರೀ ಉಳುಕು’ ಎಂದು ಎಣ್ಣೆ ನೀವಿಸಿಕೊಂಡು ಮರುವಾರವೇ ಬಂಡೆಗೆ ಬಂದವನ ಕೈ ಹ್ಯಾಂಡಲ್ ಬಿಗಿಯಾಗಿ ಹಿಡಿಯಲಾರದು, ಹಿಡಿಯದ ಕೈ ಬ್ರೇಕನ್ನು ಅಳೆದು ಒತ್ತಲಾರದು. ಇಲ್ಲಿ ಎಡವಿದ ಕಾಲೇ ಎಡವೋದು ಎಂಬುದು ಗಾದೆಗಿಂತ ಹೆಚ್ಚಾಗಿ ವೈದ್ಯಕೀಯ ಸಲಹೆ. ಹೆಲ್ಮೆಟ್ ಎಲ್ಲರೂ ಹಾಕುತ್ತಾರೆ. ಕೈಗವಸು, ಮಂಡಿಪಟ್ಟಿಗಳನ್ನೂ ಅದರ ಜೊತೆಗೇ ಕೊಳ್ಳಬೇಕು. ದಣಿವೂ ಒಂದು ಗಾಯವೇ. ಮೌಂಟನ್ ಬೈಕಿನವರಲ್ಲಿ ‘ಇದು ಕೊನೇ ಸುತ್ತು’ ಎಂದು ಬಾಯಿಬಿಟ್ಟು ಹೇಳಬಾರದೆಂಬ ನಂಬಿಕೆ ಇದೆ, ಹೇಳಿದರೆ ಅದರಲ್ಲೇ ಬೀಳುತ್ತಾರಂತೆ. ಅಪಶಕುನವೇನಲ್ಲ ಅದು. ತೊಡೆ ನಡುಗುವ ಹೊತ್ತಿಗೇ ಆ ಮಾತು ಬಾಯಿಗೆ ಬರುವುದು.

ಗಾದೆ ಹುಟ್ಟಿದ ಮನೆಯಲ್ಲಿ ಹೊಸ್ತಿಲು ಇದ್ದಲ್ಲೇ ಇರುತ್ತದೆ. ಗುಡ್ಡದಲ್ಲಿ ಹಾಗಿಲ್ಲ. ಮುಂಗಾರು ಕಳೆಯುವಷ್ಟರಲ್ಲಿ ನೀರು ಹರಿದು ಗೀರುಗಳೆಲ್ಲ ಕೊರಕಲಾಗಿರುತ್ತವೆ, ಮುಷ್ಟಿಗಾತ್ರದ ಕಲ್ಲು ಇನ್ನೆಲ್ಲೋ ಉರುಳಿರುತ್ತದೆ, ಮಣ್ಣು ಕೊಚ್ಚಿಹೋದಲ್ಲಿ ಗೇಣಿನ ಮೆಟ್ಟಿಲು ಒಂದೂವರೆ ಗೇಣಾಗಿರುತ್ತದೆ. ದಸರೆ ಹೊತ್ತಿಗೆ ಮೊದಲ ಸಲ ಹೋದಾಗ, ಕಣ್ಣು ಮುಚ್ಚಿ ಇಳಿಯಬಲ್ಲೆ ಎನ್ನುವ ಹಳಬರೂ ಸೈಕಲ್ಲನ್ನು ಮರಕ್ಕೆ ಒರಗಿಸಿ, ಕೆಳಗಿನಿಂದ ಮೇಲಕ್ಕೆ ನಡೆದು ಬರುತ್ತಾರೆ. ಹೊಸಬರಿಗೆ ದಾರಿ ತೋರಿಸಿ ಕರೆದುಕೊಂಡು ಹೋಗುವ ಮನಸ್ಸಿದ್ದವರು ಆ ವಾರವೇ ಕರೆದುಕೊಂಡು ಹೋಗಲಿ. ಆ ಒಂದು ವಾರ ಇಬ್ಬರಿಗೂ ದಾರಿ ಹೊಸದು.